ಮಾತೆ ದಾಟಿಹೋದ ಮನೆ

ನನ್ನ ಹೆಸರು ಆರೋಗ್ಯಮ್ಮ. ಬಾಗಿಲಿಗೆ ಕೊರೊನಾ ಚೀಟಿ ಅಂಟಿಸಿಕೊಂಡು ಕೂತವಳಿಗೆ ಎಂಥ ಹೆಸರು ನೋಡಿ!

ಎರಡನೇ ಅಲೆಯ ಮೇ ತಿಂಗಳು. ಮಳವಳ್ಳಿ ಕಡೆಯ ನಮ್ಮೂರಿನ ಚರ್ಚ್ ಬೀದಿಯಲ್ಲಿ ಮೂವತ್ತು ಮನೆ ನಮ್ಮವರದು. ಮೇ ಅಂದರೆ ಯೇಸುವಿನ ತಾಯಿ ಮರಿಯಮ್ಮನವರ ತಿಂಗಳು. ಗಾಜಿನ ಪೆಟ್ಟಿಗೆಯಲ್ಲಿರುವ ಮಾತೆಯ ಪ್ರತಿಮೆ ದಿನಕ್ಕೊಂದು ಮನೆಯಂತೆ ಬೀದಿ ಸುತ್ತುತ್ತದೆ. ಬಂದ ಸಂಜೆ ಆ ಮನೆಯಲ್ಲಿ ಜಪಸರ, ಎಲ್ಲರಿಗೂ ಬೆಲ್ಲದ ಪಾನಕ. ಮೂವತ್ತೊಂದಕ್ಕೆ ಮಾತೆ ಮತ್ತೆ ಗುಡಿ ಸೇರುತ್ತಾಳೆ. ಆ ವರ್ಷ ಲಾಕ್‌ಡೌನು. ಜನ ಸೇರುವ ಹಾಗಿಲ್ಲ, ಪಾನಕವೂ ಇಲ್ಲ. ಚರ್ಚಿನ ಉಪದೇಶಿ ಜೋಜಪ್ಪಣ್ಣ ಒಬ್ಬನೇ ಪೆಟ್ಟಿಗೆ ಹೊತ್ತು ಮನೆಯಿಂದ ಮನೆಗೆ ಮುಟ್ಟಿಸುತ್ತಿದ್ದ. ಹದಿನೆಂಟನೇ ದಿನ ನಮ್ಮ ಮನೆಯ ಸರದಿ.

ಹದಿನೈದಕ್ಕೆ ನನ್ನ ಗಂಡ ಇನ್ನಾಸಪ್ಪ ಮಂಡ್ಯದ ಆಸ್ಪತ್ರೆಯಲ್ಲಿ ತೀರಿಕೊಂಡರು. ಪ್ಲಾಸ್ಟಿಕ್ ಅಂಗಿ ತೊಟ್ಟ ನಾಲ್ಕು ಜನ ಮಣ್ಣು ಮಾಡಿದರಂತೆ. ಒಂದು ಹಿಡಿ ಮಣ್ಣು ಹಾಕುವುದಕ್ಕೂ ನನ್ನನ್ನು ಬಿಡಲಿಲ್ಲ. ಮಾರನೇ ದಿನ ನನಗೂ ಪಾಸಿಟಿವ್ ಬಂತು. ನಮಗೆ ಮಕ್ಕಳಿಲ್ಲ. ಆಶಾ ಕಾರ್ಯಕರ್ತೆ ಪುಷ್ಪಾ ಜಗಲಿಯ ಮೇಲೆ ಮಾತ್ರೆ ಇಟ್ಟು ದೂರದಿಂದ ಕೂಗುತ್ತಿದ್ದಳು. ಗೋಡೆಯಾಚೆಯ ಗೌಡರ ಮನೆ ಚಲುವಮ್ಮ ಮುದ್ದೆ ಸಾರು ಇಟ್ಟು ಹೋಗುತ್ತಿದ್ದಳು. ಮನುಷ್ಯರ ಮುಖ ನೋಡಿ ಮಾತಾಡಿ ಮೂರು ದಿನವಾಗಿತ್ತು. ಮಾತೆಯಾದರೂ ಬರುತ್ತಾಳಲ್ಲ ಎಂದು ಜ್ವರದ ಮೈಯಲ್ಲೇ ಮೇಜು ಒರೆಸಿ ಬಿಳಿ ಬಟ್ಟೆ ಹಾಸಿದೆ.

ಸಂಜೆ ಕಿಟಕಿಯಲ್ಲಿ ನಿಂತಿದ್ದೆ. ಜೋಜಪ್ಪಣ್ಣ ಪೆಟ್ಟಿಗೆ ಹೊತ್ತು ಬಂದ. ತಲೆ ತಗ್ಗಿಸಿಕೊಂಡು ನನ್ನ ಮನೆ ದಾಟಿ ಮುಂದಿನ ಸರದಿಯ ಮನೆಗೆ ನಡೆದ.

“ಏನಣ್ಣೋ, ನನ್ ಮನೆ ಕಣ್ಗೇ ಕಾಣ್ನಿಲ್ವಾ?” ಎಂದು ಕೂಗಿದೆ.

“ಪುಷ್ಪಾ ಬ್ಯಾಡ ಅಂದವ್ಳೆ ಕಣಮ್ಮ. ನಿನ್ ಮನೆ ಒಳೀಕ್ ಬಂದದ್ದು ತಿಂಗ್ಳು ಮುಗಿಯಗಂಟ ಈಚೆಗ್ ಬರಂಗಿಲ್ವಂತೆ. ಇನ್ನೂ ಅನ್ನೆರಡು ಮನೆಯೋರು ಕಾಯ್ತಾವ್ರೆ.”

ಕಿಟಕಿ ದಡಾರೆಂದು ಹಾಕಿದೆ. ಹನ್ನೆರಡು ಮನೆಯವರು ಮನುಷ್ಯರು, ನಾನು ಮಾತ್ರ ರೋಗ. ಇವರಿಗೇನಾ ನಾನು ಮೂವತ್ತು ವರ್ಷ ಪಾನಕ ಕಲಸಿದ್ದು?

ಏಳು ಗಂಟೆಗೆ ಎದ್ದು, ಬೀದಿಗೆಲ್ಲ ಕೇಳಲಿ ಎಂದೇ ಕಿಟಕಿ ತೆರೆದು, ಖಾಲಿ ಮೇಜಿನ ಮುಂದೆ ಜಪಸರ ಹಿಡಿದೆ.

ಜಪಸರವನ್ನು ನಮ್ಮಲ್ಲಿ ಇಬ್ಬರಾದರೂ ಕೂತು ಹೇಳುತ್ತೇವೆ. ಒಬ್ಬರು ‘ನಮೋ ಮರಿಯಾ’ ಎಂದು ಅರ್ಧ ಹೇಳಬೇಕು, ಉಳಿದವರು ಮಿಕ್ಕರ್ಧ ಹೇಳಿ ಮುಗಿಸಬೇಕು. ನಮ್ಮ ಮನೆಯಲ್ಲಿ ಮೊದಲರ್ಧ ನನ್ನದು, ಮಿಕ್ಕರ್ಧ ನಮ್ಮ ಯಜಮಾನರದು. ತೂಕಡಿಸಿಕೊಂಡೇ ಹೇಳುತ್ತಿದ್ದರು. ಎಷ್ಟೋ ಸಲ ತೊಡೆ ಚಿವುಟಿ ಎಬ್ಬಿಸಿದ್ದೇನೆ.

ಮೊದಲ ಮಣಿಗೆ ನನ್ನ ಅರ್ಧ ಹೇಳಿ ನಿಲ್ಲಿಸಿದೆ. ಮನೆ ಸುಮ್ಮನಿತ್ತು. ಅವರ ಅರ್ಧವನ್ನೂ ನಾನೇ ಹೇಳಿಬಿಡಬಹುದಿತ್ತು, ನಾಲಿಗೆ ಹೊರಳಲಿಲ್ಲ. ಹೇಳಿದರೆ ಅವರು ಹೋದರೆಂದು ನಾನೇ ಒಪ್ಪಿಕೊಂಡ ಹಾಗೆ. ಎರಡನೇ ಮಣಿ ಹಿಡಿದೆ. ಮತ್ತೆ ಅರ್ಧ, ಮತ್ತೆ ಮೌನ. ಮೂರನೆಯದು, ನಾಲ್ಕನೆಯದು. ಅಷ್ಟು ಒಂಟಿತನ ನನಗೆ ಅವರು ಸತ್ತ ಸುದ್ದಿ ಬಂದಾಗಲೂ ಆಗಿರಲಿಲ್ಲ.

ಐದನೇ ಮಣಿಗೆ ಗೋಡೆಯಾಚೆಯಿಂದ ಉತ್ತರ ಬಂತು. ಚಲುವಮ್ಮ! ಒಂದಕ್ಷರ ತಪ್ಪದೆ ಪೂರ್ತಿ ಹೇಳಿದಳು. ನಾನು ಬಾಯಿ ತೆರೆದು ಕೂತುಬಿಟ್ಟೆ.

“ಯಾಕ್ ನಿಲ್ಸ್ಬುಟ್ಟೆ? ಮುಂದುಕ್ ಯೋಳಮ್ಮ. ಮೂವತ್ ವರ್ಸ ಕೇಳಿ ಕೇಳಿ ನಂಗೂ ಬಾಯ್ಗ್ ಬಂದದೆ.”

ಆರನೆಯದಕ್ಕೆ ಎದುರು ಮನೆಯ ಬಾಗಿಲು ತೆರೆಯಿತು. ಹತ್ತನೆಯದಕ್ಕೆ ಎಂಟು ಮನೆ ದನಿಯಾದರೂ ಸೇರಿತ್ತು.

ಮರುದಿನ ಸಂಜೆ ಜೋಜಪ್ಪಣ್ಣ ಗಾಜಿನ ಪೆಟ್ಟಿಗೆ ತಂದು ನಮ್ಮ ಜಗಲಿಯ ಮೇಲಿಟ್ಟು ಹಿಂದೆ ಸರಿದ. ನನ್ನ ಸಿಟ್ಟು ಇನ್ನೂ ಇಳಿದಿರಲಿಲ್ಲ.

“ಒಳೀಕ್ ತಕ್ಕಂಡ್ರೆ ತಿಂಗ್ಳು ಮುಗಿಯಗಂಟ ಈಚೆಗ್ ಬರಕಿಲ್ಲ. ಗೊತ್ತಲ್ಲ?”

“ಗೊತ್ತು ಕಣಮ್ಮ. ಅದ್ಕೇ ತಂದಿವ್ನಿ. ಮಿಕ್ಕಿದ್ ಅನ್ನೊಂದ್ ಮನೆಯೋರ್ನೂ ಕೇಳ್ಕಬಂದೆ. ಈ ವರ್ಸ ನಮ್ ಮನೆಗೆ ಬ್ಯಾಡ, ಆರೋಗ್ಯಮ್ಮನ್ ತಾವೇ ಇರ್ಲಿ ಅಂದ್ರು.”

ಪೆಟ್ಟಿಗೆ ಎತ್ತಿ ಎದೆಗವಚಿಕೊಂಡು ಒಳಗೆ ತಂದು ಬಿಳಿ ಬಟ್ಟೆಯ ಮೇಲಿಟ್ಟೆ.

ಏಳು ಗಂಟೆಗೆ ಬೀದಿಯವರೆಲ್ಲ ತಮ್ಮ ತಮ್ಮ ಬಾಗಿಲಲ್ಲಿ ನಿಂತರು. ನನ್ನ ಅರ್ಧ ನಾನು ಹೇಳಿದೆ, ಮಿಕ್ಕರ್ಧ ಬೀದಿ ಹೇಳಿತು. ಅದರಲ್ಲಿ ಆ ತೂಕಡಿಕೆಯ ದನಿ ಇರಲಿಲ್ಲ. ಇನ್ನು ಇರುವುದೂ ಇಲ್ಲ. ನಾಲ್ಕು ದಿನದಿಂದ ಬಾರದ ಅಳು ಆಗ ಬಂತು. ಮಣಿ ಹಿಡಿದುಕೊಂಡು ಅಳುತ್ತಲೇ ಕೂತೆ. ಮುಂದಿನ ಅರ್ಧ ಬಾಯಿಗೆ ಬರಲು ಬಹಳ ಹೊತ್ತು ಹಿಡಿಯಿತು. ಯಾರೂ ಬಾಗಿಲು ಹಾಕಿಕೊಳ್ಳಲಿಲ್ಲ, ಕಾದರು.