ಓದಿನ ಹೆಸರಲ್ಲಿ

ವಿರಾಜಪೇಟೆಯ ಗಡಿಯಾರ ಕಂಬದಿಂದ ಸ್ವಲ್ಪ ಮುಂದೆ, ಕರಿಮೆಣಸು ಕೊಳ್ಳುವ ಅಂಗಡಿಯ ಮೇಲಿನ ಮಹಡಿಯಲ್ಲಿ ಆಶಾರಾಣಿ ಪಾಠ ಮಾಡುತ್ತಿದ್ದಳು. ವಿದೇಶಕ್ಕೆ ಓದಲು ಹೋಗುವವರಿಗೆ ಇಂಗ್ಲಿಷ್ ಕಲಿಸುವುದು, ವೀಸಾ ಸಂದರ್ಶನಕ್ಕೆ ತಯಾರು ಮಾಡುವುದು ಅವಳ ಕೆಲಸ. ಆ ಬೆಳಿಗ್ಗೆ ಅವಳ ಎದುರಿನ ಕುರ್ಚಿಯಲ್ಲಿ ಕೂತಿದ್ದವಳು ಕುಸುಮಾ, ಬಿ.ಕಾಂ. ಮುಗಿಸಿದ ಹುಡುಗಿ.

"ಅಡುಗೆಯ ಕೋರ್ಸನ್ನೇ ಯಾಕೆ ಆರಿಸಿಕೊಂಡಿರಿ?" ಆಶಾ ಅಧಿಕಾರಿಯ ಗತ್ತಿನಲ್ಲಿ ಇಂಗ್ಲಿಷಿನಲ್ಲಿ ಕೇಳಿದಳು.

ಚಿಕ್ಕಂದಿನಿಂದ ತನಗೆ ಅಡುಗೆಯೆಂದರೆ ಪ್ರಾಣ, ಓದು ಮುಗಿಸಿ ಬಂದು ಕೊಡಗಿನಲ್ಲೇ ಹೋಟೆಲು ತೆರೆಯುವ ಆಸೆ ಎಂದು ಕುಸುಮಾ ಒಂದೂ ತಪ್ಪಿಲ್ಲದೆ ಒಪ್ಪಿಸಿದಳು. ಆಮೇಲೆ ಕನ್ನಡಕ್ಕೆ ಹೊರಳಿ, "ಮೇಡಂ, ನಂಗೆ ಅನ್ನ ಇಡ್ಲಿಕ್ಕೂ ಬರೋದಿಲ್ಲ" ಅಂದಳು.

ಕೋಣೆಯಲ್ಲಿದ್ದವರೆಲ್ಲ ನಕ್ಕರು. ಆಶಾಳೂ ನಕ್ಕಳು. ಆ ಉತ್ತರವನ್ನು ಬರೆದುಕೊಟ್ಟವಳು ಅವಳೇ.

ಅಷ್ಟರಲ್ಲಿ ಮೇಜಿನ ಮೇಲಿದ್ದ ಮೊಬೈಲು ನಡುಗಿತು. ನಿಶ್ಮಿತಾಳ ಕರೆ. ಹತ್ತಿರದ ಬಿಟ್ಟಂಗಾಲ ಎಂಬ ಹಳ್ಳಿಯ ಹುಡುಗಿ. ಅಪ್ಪ ಚೆನ್ನಯ್ಯ ಎಸ್ಟೇಟಿನಲ್ಲಿ ಜೀಪು ಓಡಿಸುತ್ತಾನೆ, ಅಮ್ಮ ಮುದ್ದಿ ಅಲ್ಲಿಯೇ ಕಾಫಿ ಹಣ್ಣು ಕೊಯ್ಯಲು ಹೋಗುತ್ತಾಳೆ. ನಾಲ್ಕು ವರ್ಷದ ಹಿಂದೆ ಇದೇ ಕೋಣೆಯಲ್ಲಿ ಕಲಿತು ಆಸ್ಟ್ರೇಲಿಯಾಕ್ಕೆ ಹೋದವಳು. ಹಬ್ಬಕ್ಕೊಂದು ಮೆಸೇಜು ಬಿಟ್ಟರೆ ಅವಳು ಕರೆ ಮಾಡುವುದೇ ಅಪರೂಪ. ಆಶಾ ಮೊಬೈಲು ಹಿಡಿದು ಹೊರಗಿನ ಮೆಟ್ಟಿಲ ಹತ್ತಿರ ಬಂದಳು.

"ಆಶಕ್ಕಾ, ಮೆಲ್ಲ ಮಾತಾಡಿ. ನಾನು ಲಾಂಡ್ರಿಯ ಟಾಯ್ಲೆಟ್‌ನಲ್ಲಿದ್ದೇನೆ."

"ಎಂತ ಆಯ್ತು ನಿಶ್ಮಿ?"

ಕರೆ ವಿಡಿಯೋಗೆ ಬದಲಾಯಿತು. ಮೊದಲು ಬಿಳಿ ಗೋಡೆ ಕಂಡಿತು, ಆಮೇಲೆ ಒಂದು ಕೈ. ಮುಂಗೈಯಿಂದ ಮೊಣಕೈವರೆಗೆ ಚರ್ಮ ಉಬ್ಬಿ, ಅಲ್ಲಲ್ಲಿ ಒಡೆದು ಹಳದಿಗಟ್ಟಿತ್ತು.

"ಮೊನ್ನೆ ಹಾಸಿಗೆ ಬಟ್ಟೆ ಇಸ್ತ್ರಿ ಮಾಡೋ ಮಿಷಿನ್‌ಗೆ ಸಿಕ್ಕಿತು. ಜ್ವರ ಬಿಡ್ತಿಲ್ಲ ಅಕ್ಕ."

"ಮೊನ್ನೆಯಾ? ಆಸ್ಪತ್ರೆಗೆ ಹೋಗ್ಲಿಲ್ವಾ?"

"ಹೇಗೆ ಹೋಗ್ಲಿ? ಎಲ್ಲಿ ಸುಟ್ಟಿದ್ದು ಅಂತ ಕೇಳ್ತಾರೆ. ಸ್ಟೂಡೆಂಟ್‌ಗೆ ಇಷ್ಟೇ ಗಂಟೆ ಕೆಲಸ ಅಂತ ಲೆಕ್ಕ ಉಂಟಲ್ಲ, ನಾನು ಹಗಲಿಡೀ ಮಾಡ್ತೇನೆ. ಆಸ್ಪತ್ರೆಗೆ ಹೋದ್ರೆ ಇಮಿಗ್ರೇಷನ್‌ಗೆ ಒಂದು ಫೋನ್ ಸಾಕು ಅಂತ ಸೂಪರ್‌ವೈಸರ್ ಹೇಳಿದ್ದಾನೆ. ಕಾಲೇಜೂ ಮುಚ್ಚಿದ್ದಾರೆ ಅಕ್ಕ, ಬಾಗಿಲಿಗೆ ನೋಟಿಸ್ ಅಂಟಿಸಿದ್ದಾರೆ. ಯಾರಾದ್ರೂ ರೂಮಿನ ಬೆಲ್ ಒತ್ತಿದ್ರೆ ನಾವು ನಾಲ್ಕು ಜನ ಲೈಟ್ ಆರಿಸಿ ಉಸಿರು ಬಿಗಿ ಹಿಡಿದು ಕೂರ್ತೇವೆ..." ಆ ಕಡೆ ಯಾರೋ ಬಾಗಿಲು ಬಡಿದರು. "ಅಮ್ಮನಿಗೆ ಹೇಳ್ಬೇಡಿ" ಎಂಬ ಪಿಸುಮಾತಿನೊಂದಿಗೆ ಕರೆ ಕಡಿಯಿತು.

ಆಶಾ ನೇರವಾಗಿ ತರಬೇತಿ ಕೇಂದ್ರದ ಮಾಲೀಕ ಅನಿಲ್‌ಕುಮಾರ್‌ನ ಕೋಣೆಗೆ ಹೋದಳು. ಅವನು ಕೆಟ್ಟ ಮನುಷ್ಯನಲ್ಲ. ಎಲ್ಲವನ್ನೂ ಕೇಳಿ, ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡ.

"ಔಷಧಿ ಹಚ್ಚಿಕೊಳ್ಳಲಿಕ್ಕೆ ಹೇಳಿ. ಮಕ್ಕಳನ್ನು ನೋಡಿಕೊಳ್ಳುವ ಡಿಪ್ಲೊಮಾ ಒಂದುಂಟು, ಬೇರೆ ಕಾಲೇಜು. ಈ ವಾರದಲ್ಲೇ ಅಡ್ಮಿಷನ್ ಮಾಡಿಸ್ತೇನೆ. ಇನ್ನೆರಡು ವರ್ಷ ಅಲ್ಲಿರಲಿಕ್ಕೆ ದಾರಿಯಾಗ್ತದೆ."

"ಸರ್, ಮೊದಲು ಹೋಟೆಲ್ ಕೋರ್ಸ್, ಆಮೇಲೆ ಅಡುಗೆ, ಆಮೇಲೆ ಮ್ಯಾನೇಜ್‌ಮೆಂಟ್. ಅವಳು ಓದಿದ್ದು ಎಂತ?"

"ಓದಲಿಕ್ಕೆ ಯಾರು ಬರ್ತಾರೆ ಆಶಾ? ಈ ಮೆಟ್ಟಿಲು ಹತ್ತಿದ ಯಾವ ತಂದೆ ತಾಯಿಯಾದ್ರೂ ಕಾಲೇಜು ಹೇಗುಂಟು ಅಂತ ಕೇಳಿದ್ದಾರಾ? ಎಷ್ಟು ವರ್ಷ ಇರಬಹುದು ಅಂತ ಕೇಳ್ತಾರೆ. ಇಲ್ಲಿ ಬಿ.ಕಾಂ. ಮಾಡಿದ ಹುಡುಗಿಗೆ ಬಟ್ಟೆ ಅಂಗಡಿಯ ಕೌಂಟರ್ ಬಿಟ್ರೆ ಬೇರೆ ಎಂತ ಉಂಟು ಹೇಳಿ? ನಾನು ಬಾಗಿಲು ತೆಗೀತೇನೆ, ಅಷ್ಟೇ." ಅವನು ಸ್ವರ ತಗ್ಗಿಸಿದ. "ಮನೆಯವರಿಗೆ ಮಾತ್ರ ಹೇಳಬೇಡಿ. ಊರೆಲ್ಲ ಸುದ್ದಿಯಾದ್ರೆ ಅವಳಿಗೂ ಕಷ್ಟ, ನಮಗೂ ಕಷ್ಟ."

ಬಾಗಿಲು ತೆಗೆಯುವುದು ಎಂಬ ಮಾತು ಆಶಾಳ ಕಿವಿಯಲ್ಲಿ ಉಳಿಯಿತು. ಬೆಲ್ ಆದರೆ ಬಾಗಿಲು ತೆಗೆಯಲಾರದ ನಾಲ್ಕು ಹುಡುಗಿಯರು ಅವಳ ಕಣ್ಣ ಮುಂದೆ ಬಂದರು. ಮಧ್ಯಾಹ್ನ ಅವಳು ಊಟ ಮಾಡಲಿಲ್ಲ. ಅಮ್ಮನಿಗೆ ಹೇಳಬೇಡಿ ಎಂದು ನಿಶ್ಮಿತಾ ಹೇಳಿದ್ದಳು. ಹೇಳದೆ ಹೋದರೆ, ಆ ಹುಡುಗಿ ಅಲ್ಲಿ ಜ್ವರದಲ್ಲಿ ಏನಾದರೂ ಆಗಿಹೋದರೆ? ಹೇಳಿದರೆ ಈ ಕೆಲಸ ಉಳಿಯುವುದಿಲ್ಲ. ಸಂಜೆ ಅವಳ ಸ್ಕೂಟರು ಬಿಟ್ಟಂಗಾಲದ ದಾರಿ ಹಿಡಿಯಿತು.

ಮುದ್ದಿ ಆಗಷ್ಟೇ ತೋಟದಿಂದ ಬಂದು ಕಾಲು ತೊಳೆಯುತ್ತಿದ್ದಳು. ಆಶಾಳನ್ನು ಕಂಡು ಮುಖ ಅರಳಿತು. "ಬನ್ನಿ ಮೇಡಂ, ಬನ್ನಿ. ನಿಶ್ಮಿ ಪರೀಕ್ಷೆ ಪಾಸಾದ್ಲಾ?"

ಆಶಾ ತಡವರಿಸಿದಳು. ಆಮೇಲೆ ಹೇಳಿದಳು, ಒಂದನ್ನೂ ಬಿಡದೆ. ಜೀಪು ನಿಲ್ಲಿಸಿ ಒಳಗೆ ಬಂದ ಚೆನ್ನಯ್ಯ ಬಾಗಿಲಲ್ಲೇ ನಿಂತು ಕೇಳಿಸಿಕೊಂಡ. ಮಾತು ಮುಗಿದ ಮೇಲೆ ಮೊದಲು ಅವನು ಮಾಡಿದ ಕೆಲಸ, ಬಾಗಿಲು ಮುಚ್ಚಿದ್ದು.

"ಮೆಲ್ಲ ಹೇಳಿ ಮೇಡಂ. ಪಕ್ಕದ ಮನೆಗೆ ಕೇಳ್ತದೆ." ಅವನ ಧ್ವನಿ ಒಣಗಿತ್ತು. "ಅನಿಲ್ ಸರ್ ಹೇಳಿದ ಹಾಗೆ ಇನ್ನೊಂದು ಕೋರ್ಸ್ ಸೇರಲಿ. ಇನ್ನು ಸ್ವಲ್ಪ ದಿನ ತಡ್ಕೊಂಡ್ರೆ ಅಲ್ಲೇ ಕಾಯಂ ಇರ್ಲಿಕ್ಕೆ ಆಗ್ತದೆ ಅಂದಿದ್ರಲ್ಲ ಅವರು?"

"ಪ್ರತಿ ಸಲವೂ ಹಾಗೇ ಹೇಳಿದ್ದೇವೆ ಚೆನ್ನಯ್ಯಣ್ಣ."

"ಈಗ ವಾಪಸ್ ಬಂದ್ರೆ ಜನ ಎಂತ ಹೇಳ್ತಾರೆ? ಏನೋ ತಪ್ಪು ಮಾಡಿ ಓಡಿಸಿದ್ರು ಅಂತಾರೆ. ಹೆಣ್ಣುಮಗು ಅದು."

ಮುದ್ದಿ ಗಂಡನನ್ನು ದಾಟಿ ಆಶಾಳ ಹತ್ತಿರ ಬಂದಳು. "ಫೋನ್ ಮಾಡಿ ಮೇಡಂ" ಅಂದಳು. "ಕೈ ತೋರಿಸ್ಲಿಕ್ಕೆ ಹೇಳಿ."

ನಿಶ್ಮಿತಾ ಹೊದಿಕೆ ಹೊದ್ದು ಕೂತಿದ್ದಳು. ಅಮ್ಮನ ಮುಖ ಕಂಡದ್ದೇ ಕ್ಯಾಮೆರಾ ಬೇರೆ ಕಡೆ ತಿರುಗಿಸಿದಳು. "ನಂಗೆ ಏನೂ ಆಗಿಲ್ಲಮ್ಮ, ಸಣ್ಣದು."

"ತೋರ್ಸು."

ಕೈ ಕಂಡಿತು. ಮುದ್ದಿ ಕೂಗಲಿಲ್ಲ. ಮೊಬೈಲನ್ನು ಮುಖದ ಹತ್ತಿರ ತಂದು ನೋಡಿದಳು. ಹಿಂದೆ ನಿಂತು ನೋಡುತ್ತಿದ್ದ ಚೆನ್ನಯ್ಯ ಅಲ್ಲೇ ನೆಲದ ಮೇಲೆ ಕುಳಿತ.

"ಹೊರಡು ನಿಶ್ಮಿ. ಮೊದ್ಲು ಆಸ್ಪತ್ರೆಗೆ ಹೋಗು, ಆಮೇಲೆ ಮನೆಗೆ ಬಾ."

"ನಿಮಗೆ ಅರ್ಥ ಆಗಲ್ಲಮ್ಮ. ಸಿಕ್ಕಿಬಿದ್ರೆ ಮತ್ತೆ ಇಲ್ಲಿಗೆ ಬರ್ಲಿಕ್ಕೇ ಆಗಲ್ಲ."

"ನಂಗೂ ಹೆದರಿಕೆ ಗೊತ್ತುಂಟು ಮಗಾ. ತೋಟದಲ್ಲಿ ಆನೆ ಉಂಟು ಅಂದ್ರೆ ಆ ದಿನ ಕೆಲಸಕ್ಕೆ ಹೋಗಲ್ಲ, ಮಾರನೇ ದಿನ ಅದು ದಾಟಿ ಹೋಗಿರ್ತದೆ. ನಿಂದು ಎಂಥ ಹೆದರಿಕೆ? ನಾಲ್ಕು ವರ್ಷ ಆಯ್ತು, ದಾಟಿ ಹೋಗೇ ಇಲ್ಲ."

ಆ ಕಡೆ ಅಳುವ ಸದ್ದು. ಆಶಾ ಮೊಬೈಲು ತೆಗೆದುಕೊಂಡಳು. "ನಿಶ್ಮಿ, ನಿನ್ನ ವೀಸಾ ಇನ್ನೂ ಮುಗಿದಿಲ್ಲ. ಈಗ ನೀನಾಗಿ ಹೊರಟು ಬರಬಹುದು. ಎಮರ್ಜೆನ್ಸಿಗೆ ಹೋಗು. ಕೇಳಿದ್ರೆ ಇದ್ದದ್ದು ಹೇಳು. ನಾನು ಕಲಿಸಿದ್ದು ಯಾವುದೂ ಬೇಡ."

ನಿಶ್ಮಿತಾ ಹೋಗುತ್ತೇನೆ ಎಂದಳು. ಆಮೇಲೆ ಅವಳ ಮೊಬೈಲು ಸ್ವಿಚ್ ಆಫ್ ಆಯಿತು.

ಆ ಇರುಳು ಬಿಟ್ಟಂಗಾಲದ ಮನೆಯಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಆಶಾಳೂ ವಿರಾಜಪೇಟೆಯ ತನ್ನ ಕೋಣೆಯಲ್ಲಿ ಮತ್ತೆ ಮತ್ತೆ ಆ ಸಂಖ್ಯೆ ಒತ್ತಿದಳು. ಹಿಡಿದಿರಬಹುದೇ? ಸೂಪರ್‌ವೈಸರ್ ತಡೆದಿರಬಹುದೇ? ದಾರಿಯಲ್ಲೇ ಬಿದ್ದಿದ್ದರೆ? ಅಲ್ಲಿ ಅವಳು ಯಾರೆಂದು ಹೇಳುವವರಾದರೂ ಯಾರಿದ್ದಾರೆ? ಬೆಳಕು ಹರಿದ ಮೇಲೆ ಸಂದೇಶ ಬಂತು: "ಅಡ್ಮಿಟ್ ಮಾಡಿದ್ದಾರೆ. ನಂಜಾಗಿದೆಯಂತೆ. ಇನ್ನೆರಡು ದಿನ ತಡವಾಗಿದ್ದರೆ ಕೈ ಉಳಿಸುವುದು ಕಷ್ಟವಿತ್ತು ಅಂದ್ರು. ವೀಸಾ ಯಾರೂ ಕೇಳಲಿಲ್ಲ ಅಕ್ಕ."

ಆಶಾ ಮುಖ ತೊಳೆದು ಪಾಠಕ್ಕೆ ಹೋದಳು. ಕುಸುಮಾ ಮತ್ತೆ ಎದುರಿನ ಕುರ್ಚಿಯಲ್ಲಿ ಕೂತು ಗಂಟಲು ಸರಿಮಾಡಿಕೊಂಡಳು. ಆಶಾ ಪ್ರಶ್ನೆ ಕೇಳಲಿಲ್ಲ. ಹೆಸರು, ಊರು ಹೇಳದೆ, ಲಾಂಡ್ರಿಯ ಟಾಯ್ಲೆಟ್‌ನಿಂದ ಬಂದ ಕರೆಯ ವಿಷಯ ಹೇಳಿದಳು. ಸುಳ್ಳು ಉತ್ತರಗಳನ್ನು ಕಲಿಸಿದವಳು ತಾನೇ ಎಂದೂ ಹೇಳಿದಳು.

"ಓದಬೇಕು ಅಂತ ಇದ್ದವರು ಧೈರ್ಯವಾಗಿ ಹೋಗಿ. ಅಂಥವರಿಗೆ ನಾನು ಎಷ್ಟು ಹೊತ್ತು ಬೇಕಾದ್ರೂ ಇಂಗ್ಲಿಷ್ ಕಲಿಸ್ತೇನೆ. ಬರೀ ಅಲ್ಲಿ ಇರ್ಲಿಕ್ಕೆ ಅಂತ ಹೊರಟವರಿಗೆ ಇನ್ನು ನಾನು ಉತ್ತರ ಬರೆದುಕೊಡೋದಿಲ್ಲ."

ಒಬ್ಬ ಹುಡುಗ, "ನಮ್ಮಣ್ಣ ಅಲ್ಲಿ ಚೆನ್ನಾಗೇ ಇದ್ದಾನಲ್ಲ ಮೇಡಂ" ಎಂದ. ಇರಬಹುದು ಎಂದಳು ಆಶಾ. ಕುಸುಮಾ ಚೀಲ ಎತ್ತಿಕೊಂಡು ಎದ್ದಳು, ಬಾಗಿಲವರೆಗೆ ಹೋದಳು, ಮತ್ತೆ ಬಂದು ಕೂತಳು. "ನಂಗೆ ಲೆಕ್ಕಪತ್ರ ಇಷ್ಟ ಮೇಡಂ" ಎಂದಳು ಮೆಲ್ಲಗೆ. "ಅದನ್ನೇ ಓದ್ಬಹುದಾ? ಎಲ್ಲಾದ್ರೂ ಸರಿ."

ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಅನಿಲ್‌ಕುಮಾರ್ ಸಿಟ್ಟಾಗಲಿಲ್ಲ. ತಿಂಗಳ ಕೊನೆಯವರೆಗೆ ಬನ್ನಿ, ಆಮೇಲೆ ಬೇರೆ ಕಡೆ ನೋಡಿಕೊಳ್ಳಿ ಎಂದಷ್ಟೇ ಹೇಳಿದ.

ಜ್ವರ ಇಳಿದು ಗಾಯಕ್ಕೆ ಪಟ್ಟಿ ಕಟ್ಟಿಸಿಕೊಂಡ ಮೇಲೆ ನಿಶ್ಮಿತಾ ಹೊರಟು ಬಂದಳು. ವಿಮಾನ ನಿಲ್ದಾಣದಲ್ಲಿ ಸಮವಸ್ತ್ರದವರು ಯಾರೇ ಕಂಡರೂ ಅವಳು ತಲೆ ತಗ್ಗಿಸಿ ಬೇರೆ ಕಡೆ ತಿರುಗುತ್ತಿದ್ದಳಂತೆ. ಅವರು ಪಾಸ್‌ಪೋರ್ಟ್ ನೋಡಿ ಕೈಗೆ ಕೊಟ್ಟರು, ಅಷ್ಟೇ. ಬೆಂಗಳೂರಿನ ಬಸ್ಸು ವಿರಾಜಪೇಟೆಯಲ್ಲಿ ನಿಂತಾಗ ಮುದ್ದಿ, ಆಶಾ ಇಬ್ಬರೂ ಅಲ್ಲಿದ್ದರು. ಚೆನ್ನಯ್ಯ ಸ್ವಲ್ಪ ದೂರದಲ್ಲಿ, ಜೀಪಿನ ಮರೆಯಲ್ಲಿ ನಿಂತಿದ್ದ. ಮಗಳು ಇಳಿದದ್ದೇ ಅವನಿಗೆ ತಡೆಯಲಾಗಲಿಲ್ಲ. ನೋಡುವವರು ನೋಡುತ್ತಿರುವಂತೆಯೇ ಬಂದು ಅವಳ ಪೆಟ್ಟಿಗೆ ಹೆಗಲಿಗೆ ಹಾಕಿಕೊಂಡ.

ಪಟ್ಟಿ ಬದಲಿಸಬೇಕಿತ್ತು. ಮನೆಗೆ ಹೋಗುವ ಮೊದಲು ಆಸ್ಪತ್ರೆಗೆ ಹೋದರು. ಚೀಟಿ ಬರೆಯುವ ನರ್ಸ್ ತಲೆಯೆತ್ತದೆ ಕೇಳಿದಳು, "ಹೆಸರೆಂತ?"

"ಲಿಜಿ" ಎಂದಳು ನಿಶ್ಮಿತಾ.

ಮುದ್ದಿ ಗಾಬರಿಯಾಗಿ ಮಗಳ ಮುಖ ನೋಡಿದಳು. ನಿಶ್ಮಿತಾಳ ಬಣ್ಣವೇ ಇಳಿದುಹೋಗಿತ್ತು. "ಲಾಂಡ್ರಿಯಲ್ಲಿ ನಂದು ಆ ಹೆಸರಮ್ಮ" ಎಂದಳು ತುಟಿಯಲ್ಲೇ. "ಗಂಟೆಯ ಲೆಕ್ಕ ಸಿಗಬಾರದು ಅಂತ ಬೇರೆ ಯಾರದ್ದೋ ಹೆಸರಲ್ಲಿ ದುಡೀತಿದ್ದೆ. ಕರೆದ್ರೆ ತಿರುಗಿ ನೋಡೋದು ಅಭ್ಯಾಸ ಆಗಿಬಿಟ್ಟಿದೆ." ಅವಳ ಕಣ್ಣು ಬಾಗಿಲ ಕಡೆಗೂ, ಹೊರಗೆ ನಿಂತಿದ್ದ ಖಾಕಿ ಬಟ್ಟೆಯ ಕಾವಲುಗಾರನ ಕಡೆಗೂ ಓಡಿತು.

ಯಾರೂ ಅವಳನ್ನು ಅವಸರಪಡಿಸಲಿಲ್ಲ. ಹಿಂದೆ ಸಾಲಿನಲ್ಲಿದ್ದ ಅಜ್ಜಿಯೊಬ್ಬಳು ಕೆಮ್ಮಿದಳು. ನರ್ಸ್ ಈಗ ತಲೆಯೆತ್ತಿ, ಪೆನ್ನು ಹಿಡಿದು ಕಾಯುತ್ತಿದ್ದಳು.

"ನಿಶ್ಮಿತಾ" ಎಂದಳು ಅವಳು. ಉಸಿರು ಎಳೆದುಕೊಂಡು, ಅಪ್ಪನಿಗೂ ಕೇಳುವಷ್ಟು ಜೋರಾಗಿ, "ನಿಶ್ಮಿತಾ ಚೆನ್ನಯ್ಯ. ಬಿಟ್ಟಂಗಾಲ."

"ಹಾಗೆ ಹೇಳಿ ಮತ್ತೆ" ಎಂದು ನರ್ಸ್ ಬರೆದುಕೊಂಡಳು.