ನಿನ್ನೆಯಷ್ಟೇ ಜೋರಾಗಿ

"ಇಲ್ಲೇ ನಿಲ್ಲಿಸಿದ್ದೆ. ಈ ಕಂಬಕ್ಕೇ ಒರಗಿಸಿದ್ದೆ. ನೋಡ್ಕೊಳ್ತೀನಿ ಅಂತ ನೀವೇ ತಲೆಯಾಡಿಸಿದ್ರಲ್ಲ!"

ರೋಸ್ವಿಟಾ ಇದನ್ನು ಆಗಲೇ ಎರಡು ಮೂರು ಸಲ ಹೇಳಿಯಾಗಿತ್ತು. ವಾಫಲ್ ಅಂಗಡಿಯ ಕಿಟಕಿಯೊಳಗಿದ್ದ ಹೆಂಗಸು ಕಬ್ಬಿಣದ ಅಚ್ಚಿನ ಮುಚ್ಚಳ ಇಳಿಸಿ, ಹಿಟ್ಟು ಮೆತ್ತಿದ್ದ ಕೈಯನ್ನು ಏಪ್ರನ್ನಿಗೆ ಒರೆಸಿಕೊಂಡಳು.

"ನೀವು ನನ್ನ ಹತ್ರ ಬಂದೇ ಇಲ್ಲ ಮೇಡಂ. ನಿಮ್ಮ ಮುಖ ನೋಡ್ತಿರೋದೇ ಈಗ."

ಅವಳ ಜರ್ಮನ್ ಚೆನ್ನಾಗಿಯೇ ಇತ್ತು. ಊಸೆಡೊಮ್ ದ್ವೀಪದ ಬಹುಭಾಗ ಜರ್ಮನಿಯದು. ಈ ತುದಿ ಪೋಲೆಂಡಿಗೆ ಸೇರಿದ್ದಾದರೂ ಕಡಲ ದಂಡೆಯ ಅಂಗಡಿಗಳಲ್ಲಿ ಜರ್ಮನ್ ಬಾರದವರಿಗೆ ಕೆಲಸ ಸಿಗುವುದಿಲ್ಲ. ಗಡಿ ಎಂದರೆ ಎರಡು ಕಂಬ. ಜನ ಆ ಕಡೆಗೊಂದು ಈ ಕಡೆಗೊಂದು ಕಾಲಿಟ್ಟು ಫೋಟೊ ತೆಗೆಸಿಕೊಳ್ಳುತ್ತಾರೆ. ರೋಸ್ವಿಟಾ ಮತ್ತು ಅವಳ ಗಂಡ ಎಕ್‌ಹಾರ್ಟ್ ಕೂಡ ಬೆಳಿಗ್ಗೆ ಹಾಗೆಯೇ ತೆಗೆಸಿಕೊಂಡಿದ್ದರು. ಜರ್ಮನಿಯ ಕಡೆಯ ಆಲ್ಬೆಕ್‌ನ ವಸತಿಗೃಹದಲ್ಲಿ ಇಳಿದುಕೊಂಡು ದಿನಕ್ಕೊಂದು ದಿಕ್ಕಿಗೆ ಸೈಕಲ್ ಹೊಡೆದಿದ್ದರು: ಬೀಚ್ ಎಂಬ ಜಾತಿಯ ಮರಗಳ ಕಾಡು, ಒಳಗಿನ ಕೆರೆ, ಮರದ ಸೇತುವೆಗಳು. ಈ ದಿನ ಗಡಿಯಾಚೆ. ಎಕ್‌ಹಾರ್ಟ್ ಮುಂದೆ ಹೋಗಿ ಮೀನಿನ ಅಂಗಡಿಯಲ್ಲಿ ಬಿಯರ್ ಹಿಡಿದು ಕೂತಾಗ ಅವಳು ದಾರಿಯ ವಾಫಲ್ ಅಂಗಡಿಯಲ್ಲಿ ಸೈಕಲ್ ಬಿಟ್ಟು, ಅಲೆ ತಡೆಯುವ ಕಲ್ಲುಗೋಡೆಯ ತುದಿಯಲ್ಲಿರುವ ಗಾಳಿಗಿರಣಿಯಂಥ ಬಿಳಿ ಗೋಪುರದವರೆಗೆ ನಡೆದು ಹೋಗಿದ್ದಳು. ವಾಪಸು ಬರುವಾಗ ಚಪ್ಪಲಿ ಕೈಯಲ್ಲಿ ಹಿಡಿದು ನೀರಿನಂಚಿನಲ್ಲೇ ನಡೆದು, ಮರಳದಿಬ್ಬದ ನಡುವಿನ ದಾರಿಯಲ್ಲಿ ಹತ್ತಿ ಬಂದಳು. ಅದೇ ಕೆಂಪು ಪಟ್ಟಿಯ ಚಾವಣಿ, ಅದೇ ಕಂಬ. ಸೈಕಲ್ ಮಾತ್ರ ಇರಲಿಲ್ಲ.

ಗಲಾಟೆ ಕೇಳಿ ಎಕ್‌ಹಾರ್ಟ್ ಎದ್ದು ಬಂದ. "ಏನಾಯ್ತು ರೋಸಿ?"

"ಸೈಕಲ್ ಇಲ್ಲ."

"ಗಡಿ ದಾಟಿ ಊಟದ ಹೊತ್ತೂ ಆಗಿಲ್ಲ! ಕೆಲಸದಲ್ಲಿ ಬಲು ಚುರುಕು ಇವರು."

ವಾಫಲ್‌ಗೆ ಸಾಲು ನಿಂತಿದ್ದವರಲ್ಲಿ ಯಾರೋ ನಕ್ಕರು. ಆ ನಗೆ ರೋಸ್ವಿಟಾಳ ಬೆನ್ನು ತಟ್ಟಿದ ಹಾಗಾಯಿತು. ಮೂವತ್ತು ವರ್ಷ ಮಕ್ಕಳಿಗೆ ಈಜು ಕಲಿಸಿದವಳು ಅವಳು. ಕೊಳದ ಈ ದಡದಿಂದ ಆ ದಡಕ್ಕೆ ಮುಟ್ಟುವ ಗಂಟಲು.

"ನೀವೆಲ್ಲ ಹೀಗೇ ಅಂತ ಜನ ಹೇಳ್ತಾ ಇದ್ರು. ನಾನು ನಂಬಿರಲಿಲ್ಲ. ಕದ್ದಿದ್ದಲ್ಲದೆ ಮುಖ ನೋಡ್ಕೊಂಡು ಸುಳ್ಳು ಬೇರೆ ಹೇಳ್ತೀಯಾ? ಕಳ್ಳಿ!"

ದಂಡೆಯ ದಾರಿಯಲ್ಲಿ ಹೋಗುತ್ತಿದ್ದವರು ನಿಂತರು. ಅಂಗಡಿಯ ಮಾಲೀಕ ಕಾಜಿಕ್ ಹಿಂದಿನ ಬಾಗಿಲಿನಿಂದ ಓಡಿ ಬಂದು, ಗಿರಾಕಿಯನ್ನೂ ಕೆಲಸದವಳನ್ನೂ ನೋಡಿ, ಪೋಲಿಷಿನಲ್ಲಿ ಏನೋ ಕೇಳಿದ. ಆ ಹೆಂಗಸು ಗೂಟಕ್ಕೆ ತೂಗುಹಾಕಿದ್ದ ತನ್ನ ಚೀಲವನ್ನು ತೆಗೆದು ಕಟ್ಟೆಯ ಮೇಲೆ ಬುಡಮೇಲು ಮಾಡಿದಳು. ಕಾಗದದಲ್ಲಿ ಸುತ್ತಿದ ಬ್ರೆಡ್ಡು, ಮೊಣಕಾಲಿನ ಪಟ್ಟಿ, ನೋವಿನ ಮುಲಾಮು, ಬಾಚಣಿಗೆ.

"ನೋಡಿ. ಚೆನ್ನಾಗಿ ನೋಡ್ಕೊಳ್ಳಿ."

ಸೈಕಲ್ ಅದರೊಳಗೇ ಇರಬಹುದೇನೋ ಎಂಬಂತೆ ರೋಸ್ವಿಟಾ ಬಗ್ಗಿ ನೋಡಿದಳು.

ಪೊಲೀಸರನ್ನು ಕರೆಸಲೇಬೇಕೆಂದು ಎಕ್‌ಹಾರ್ಟ್ ಹಟ ಹಿಡಿದ. ಬಂದ ಪೊಲೀಸನು ಸಭ್ಯವಾಗಿಯೇ ಎಲ್ಲ ಕೇಳಿ ಬರೆದುಕೊಂಡು, ಅಂಗಡಿಯ ಹಿಂದೆ ಒಂದು ಸುತ್ತು ಹಾಕಿ ಹೋದ. ಗಂಡಹೆಂಡತಿ ಎಕ್‌ಹಾರ್ಟ್‌ನ ಸೈಕಲ್ಲನ್ನು ತಳ್ಳಿಕೊಂಡು ಗಡಿಯ ಕಡೆ ಕಾಲೆಳೆದರು. ಪೈನ್ ಮರಗಳ ಒಂದು ತಿರುವು ದಾಟಿದರು. ಅಲ್ಲಿ ಮರಳದಿಬ್ಬದಿಂದ ಇಳಿದುಬರುವ ಇನ್ನೊಂದು ದಾರಿ, ಇನ್ನೊಂದು ಕೆಂಪು ಪಟ್ಟಿಯ ಚಾವಣಿ, ಇನ್ನೊಂದು ವಾಫಲ್ ಅಂಗಡಿ. ಕಂಬಕ್ಕೆ ಒರಗಿ, ಹಳದಿ ಚೀಲ ತೂಗಿಸಿಕೊಂಡು ರೋಸ್ವಿಟಾಳ ಸೈಕಲ್ ನಿಂತಿತ್ತು. ಸೀಟಿನ ಮೇಲೆ ಯಾರೋ ಪ್ಲಾಸ್ಟಿಕ್ ಹೊದಿಸಿದ್ದರು.

"ಎಷ್ಟು ಹೊತ್ತು ಮಾಡಿದ್ರಿ ಆಂಟಿ!" ಒಳಗಿದ್ದ ಹುಡುಗಿ ಕೂಗಿದಳು. "ಎರಡು ಹನಿ ಬಿತ್ತು, ಸೀಟು ನೆನೆಯುತ್ತೆ ಅಂತ ಮುಚ್ಚಿದೆ."

ರೋಸ್ವಿಟಾ ನಿಂತಲ್ಲೇ ನಿಂತಳು. ಕಿವಿಯಿಂದ ಕತ್ತಿನವರೆಗೂ ಬಿಸಿ ಇಳಿಯಿತು.

"ಸೈಕಲ್ ಹತ್ತು," ಎಂದ ಎಕ್‌ಹಾರ್ಟ್, ತುಟಿ ಅಲುಗಿಸದೆ.

"ಎಕ್‌ಹಾರ್ಟ್, ಆ ಹೆಂಗಸು..."

"ಮೊದಲು ಹತ್ತು. ಅಲ್ಲಿ ಹೋಗಿ ಮತ್ತೆ ಒಂದು ರಂಪ ಬೇಕಾ? ಪೊಲೀಸರಿಗೆ ನಾನು ಫೋನ್ ಮಾಡಿ ಹೇಳ್ತೀನಿ."

ಅವಳು ಹತ್ತಿದಳು. ಹುಡುಗಿಗೆ ಕೈ ಕೂಡ ಬೀಸದೆ, ಹಿಂದೆ ತಿರುಗಿ ನೋಡದೆ, ಯಾರೋ ಅಟ್ಟಿಸಿಕೊಂಡು ಬರುತ್ತಿರುವಂತೆ ತುಳಿದಳು. ಗಡಿಯ ಕಂಬಗಳು ಯಾವಾಗ ಹಿಂದೆ ಸರಿದವೋ ಗೊತ್ತಾಗಲಿಲ್ಲ.

ಎಕ್‌ಹಾರ್ಟ್ ಪೊಲೀಸರಿಗೆ ಫೋನ್ ಮಾಡಿದ್ದೇನೋ ನಿಜ. "ಸಿಕ್ಕಿದೆ" ಎಂದಷ್ಟೇ ಹೇಳಿದ; ಎಲ್ಲಿ ಎಂದು ಹೇಳಲಿಲ್ಲ. ರಾತ್ರಿ ಊಟದ ಮೇಜಿನಲ್ಲಿ ಲೈಪ್‌ಸಿಗ್‌ನಿಂದ ಬಂದಿದ್ದ ದಂಪತಿಯ ಮುಂದೆ ಅವನ ಕಥೆ ಬೇರೆಯೇ ಆಯಿತು. ಸೈಕಲ್ ಕದ್ದರು, ತಾನು ಗಟ್ಟಿಯಾಗಿ ನಿಂತೆ, ಪೊಲೀಸ್ ಬಂದ ಕೂಡಲೇ ಹೆದರಿ ಪಕ್ಕದ ಅಂಗಡಿಯ ಹತ್ತಿರ ತಂದಿಟ್ಟು ಹೋಗಿದ್ದರು.

"ನಿಮ್ಮ ಅದೃಷ್ಟ," ಎಂದಳು ಲೈಪ್‌ಸಿಗ್‌ನ ಹೆಂಗಸು. "ನಮ್ಮ ಅಳಿಯನ ಕಾರು ಇವತ್ತಿಗೂ ಸಿಕ್ಕಿಲ್ಲ."

"ಅದೂ ಪೋಲೆಂಡಲ್ಲೇ ಹೋಗಿದ್ದಾ?" ರೋಸ್ವಿಟಾ ಕೇಳಿದಳು.

"ಇಲ್ಲ, ನಮ್ಮ ಮನೆ ಮುಂದೇನೇ."

ಎಲ್ಲರೂ ಮೀನಿನ ಮುಳ್ಳು ಬಿಡಿಸುವುದರಲ್ಲಿ ಮುಳುಗಿದರು. ರೋಸ್ವಿಟಾ ಬಾಯಿ ತೆರೆದರೆ ಸಾಕಿತ್ತು. ತೆರೆದಳು, ಒಂದು ತುಂಡು ಆಲೂಗಡ್ಡೆ ಇಟ್ಟುಕೊಂಡಳು.

ಬೆಳಿಗ್ಗೆ ಗಂಡ ಸ್ನಾನಕ್ಕೆ ಹೋದಾಗ ಅವಳು ಹೊರಟಳು. ಸೈಕಲ್ ಮುಟ್ಟಲು ಮನಸ್ಸಾಗಲಿಲ್ಲ. ನಡೆದೇ ಗಡಿ ದಾಟಿದಳು. ದಾರಿಯಲ್ಲಿ ಹೂವಿನ ಅಂಗಡಿ ಕಂಡು ಒಂದು ಗೊಂಚಲು ಕೊಂಡಳು. ವಾಫಲ್ ಅಂಗಡಿಯ ಕಿಟಕಿಯಲ್ಲಿ ಕಾಜಿಕ್ ಒಬ್ಬನೇ ಬೆವರುತ್ತಿದ್ದ. ಅವಳನ್ನು ನೋಡಿ ಅವನ ಮುಖ ಬಿಗಿಯಿತು.

"ಬೊಗ್ನಾ ಇಲ್ಲ."

ಹೆಸರು ಬೊಗ್ನಾ ಎಂದು ರೋಸ್ವಿಟಾಳಿಗೆ ತಿಳಿದದ್ದು ಆಗ. "ಅವರದೇನೂ ತಪ್ಪಿಲ್ಲ. ನನ್ನ ಸೈಕಲ್..."

"ಗೊತ್ತು. ಊರಿಗೆಲ್ಲ ಗೊತ್ತು. ಆದ್ರೆ ನಿನ್ನೆ ಇಲ್ಲಿ ಸಾಲು ನಿಂತಿದ್ದೋರಿಗೆ ಗೊತ್ತಾ? ಪೊಲೀಸ್ ಬಂದ ಅಂಗಡೀಲಿ ಯಾರು ತಿಂತಾರೆ? ಒಂದು ವಾರ ಮನೇಲಿರು ಅಂದೆ. ಏಪ್ರನ್ ಮುದುರಿ ನನ್ನ ಮೇಲೇ ಎಸೆದು ಹೋದ್ಲು." ಅವನು ಹಿಟ್ಟು ಹುಯ್ಯುತ್ತ ಹೇಳಿದ, "ದೋಣಿ ಹತ್ತಿ ನದಿಯ ಆ ದಡಕ್ಕೆ ಹೋಗಿ. ರೈಲ್ವೆ ಸ್ಟೇಷನ್ ಹಿಂದೆ ತೋಟಗಳಿವೆ. ಬೆಳಿಗ್ಗೆ ಹೊತ್ತು ಅಲ್ಲೇ ಇರ್ತಾಳೆ."

ಶ್ವೀನಾ ನದಿಯ ಆಚೆ ದಡದಲ್ಲಿ ಊರವರ ಪುಟ್ಟ ಪುಟ್ಟ ತೋಟಗಳು ಒತ್ತೊತ್ತಾಗಿದ್ದವು. ಪ್ರತಿಯೊಂದರಲ್ಲೂ ಒಂದು ಹಲಗೆಯ ಗುಡಿಸಲು, ಎರಡು ಸೇಬಿನ ಗಿಡ. ಬೊಗ್ನಾ ಕುಕ್ಕರಗಾಲಲ್ಲಿ ಕೂತು ಕರಂಟ್ ಎಂಬ ಪುಟ್ಟ ಕೆಂಪು ಹಣ್ಣು ಬಿಡಿಸಿ ಬಕೆಟ್ಟಿಗೆ ಹಾಕುತ್ತಿದ್ದಳು. ಬೇಲಿಯಾಚೆ ಪಕ್ಕದ ತೋಟದ ಮುದುಕ ಗಿಡಗಳಿಗೆ ನೀರು ಹಾಕುವುದನ್ನು ನಿಲ್ಲಿಸಿ ನೋಡಿದ. ಅಲ್ಲಿ ಎಲ್ಲೆಲ್ಲೂ ಹೂಗಳಿದ್ದವು. ಕೈಯಲ್ಲಿದ್ದ ಗೊಂಚಲನ್ನು ಎಲ್ಲಿ ಇಡುವುದೆಂದು ರೋಸ್ವಿಟಾಳಿಗೆ ತಿಳಿಯಲಿಲ್ಲ.

"ಸೈಕಲ್ ಸಿಕ್ತು," ಎಂದಳು.

"ಗೊತ್ತು. ಆ ಅಂಗಡಿ ಹುಡುಗಿ ಆಗಲೇ ಫೋನ್ ಮಾಡಿದ್ಲು. ಥ್ಯಾಂಕ್ಸ್ ಕೂಡ ಹೇಳ್ದೆ ಓಡಿಹೋದ್ರಂತೆ." ಬೊಗ್ನಾ ತಲೆಯೆತ್ತಲಿಲ್ಲ. "ವಾಪಸ್ ಬರ್ತೀರಿ ಅಂದ್ಕೊಂಡೆ. ಆ ತಿರುವಿನಿಂದ ಎಷ್ಟು ದೂರ? ಅಂಗಡಿ ಮುಚ್ಚೋವರೆಗೂ ಆ ಕಡೆನೇ ನೋಡ್ತಾ ಇದ್ದೆ."

"ನನ್ನಿಂದ ದೊಡ್ಡ ತಪ್ಪಾಯ್ತು. ಕ್ಷಮಿಸಿ."

"ಇಲ್ಲಿ ಕ್ಷಮೆ ಕೇಳಿದ್ರೆ ಯಾರಿಗೆ ಕೇಳ್ಸುತ್ತೆ? ಈ ಗಿಡಗಳಿಗಾ?" ಬೊಗ್ನಾ ಮೊಣಕಾಲಿನ ಮೇಲೆ ಕೈಯೂರಿ ಎದ್ದಳು. "ನಮ್ಮ ನಾದಿನಿ ರಾತ್ರಿ ಮನೆಗೇ ಬಂದಿದ್ಲು ರೀ, ಏನು ಕದ್ದೆ ಅಂತ ಕೇಳೋಕೆ. ನಗ್ತಾ ಕೇಳಿದ್ಲು, ಆದ್ರೂ ಕೇಳಿದ್ಲು. ನಿನ್ನೆ ಎಲ್ಲಿ ಹೇಳಿದ್ರೋ ಅಲ್ಲೇ ಬಂದು ಹೇಳಿ. ಅಷ್ಟೇ ಜೋರಾಗಿ. ನಿಮ್ಮ ಭಾಷೇಲೂ ಹೇಳಿ, ನಮ್ಮ ಭಾಷೇಲೂ ಹೇಳಿ."

"ನಂಗೆ ಪೋಲಿಷ್ ಬರಲ್ಲ."

"ಹೇಳ್ಕೊಡ್ತೀನಿ. ಏನು ಮಹಾ, ಒಂದು ವಾಕ್ಯ."

ವಾಹನಗಳನ್ನೂ ದಾಟಿಸುವ ಆ ಅಗಲ ದೋಣಿಯಲ್ಲಿ ಕಾರುಗಳ ನಡುವೆ, ಕಬ್ಬಿಣದ ಕಟಕಟೆ ಹಿಡಿದು ಇಬ್ಬರೂ ನಿಂತರು. ಬೊಗ್ನಾ ಹೇಳಿಕೊಟ್ಟಳು, ರೋಸ್ವಿಟಾ ಶಾಲೆಯ ಮಗುವಿನಂತೆ ಹೇಳಿದಳು. ಅಕ್ಷರಗಳು ಹಲ್ಲಿಗೆ ಸಿಕ್ಕಿ ಮುರಿಯುತ್ತಿದ್ದವು. ಪಕ್ಕದಲ್ಲಿ ಬುಟ್ಟಿ ಹಿಡಿದಿದ್ದ ಹೆಂಗಸೊಬ್ಬಳು ಮುಸಿಮುಸಿ ನಕ್ಕಳು.

"ಇದರ ಅರ್ಥ ಏನು?" ರೋಸ್ವಿಟಾ ಕೇಳಿದಳು.

"ನಾನು ಸುಳ್ಳು ಹೇಳಿದೆ, ಈ ಹೆಂಗಸು ಕಳ್ಳಿ ಅಲ್ಲ."

"ನಾನು ಸುಳ್ಳು ಹೇಳಿರಲಿಲ್ಲ. ಜಾಗ ತಪ್ಪು ತಿಳ್ಕೊಂಡಿದ್ದೆ. ನಿಜವಾಗ್ಲೂ ಅದೇ ಅಂಗಡಿ ಅಂದ್ಕೊಂಡಿದ್ದೆ."

ಬೊಗ್ನಾ ನೀರಿನ ಕಡೆ ನೋಡುತ್ತ ಕೇಳಿದಳು, "ಸೈಕಲ್ ಸಿಕ್ಕಿದ ಮೇಲೆ?"

ರೋಸ್ವಿಟಾ ಮತ್ತೆ ಅದೇ ವಾಕ್ಯವನ್ನು ಬಾಯಿಪಾಠ ಮಾಡತೊಡಗಿದಳು. ಹೂಗೊಂಚಲು ದೋಣಿಯ ಬೆಂಚಿನ ಮೇಲೆಯೇ ಉಳಿಯಿತು.

ಅಂದು ಶನಿವಾರ. ವಾರದ ರಜೆಗೆ ಬಂದವರೆಲ್ಲ ಹೊರಟು, ಹೊಸಬರು ಬಂದು ಇಳಿಯುವ ದಿನ. ದಂಡೆಯ ದಾರಿಯ ತುಂಬ ಗಾಲಿ ಪೆಟ್ಟಿಗೆಗಳ ಗಡಗಡ ಸದ್ದು. ಅಂಗಡಿಯ ಮುಂದೆ ನಿನ್ನೆಯಷ್ಟೇ ಉದ್ದದ ಸಾಲಿತ್ತು. ಬೊಗ್ನಾ ಕಿಟಕಿಯ ಪಕ್ಕದಲ್ಲಿ ಕೈಕಟ್ಟಿ ನಿಂತಳು. ಒಳಗಿನಿಂದ ಕಾಜಿಕ್ ಕತ್ತು ಹೊರಹಾಕಿದ.

ರೋಸ್ವಿಟಾ ಹೇಳಿದಳು. ಮೊದಲು ಜರ್ಮನಿನಲ್ಲಿ, ಆಮೇಲೆ ಪೋಲಿಷಿನಲ್ಲಿ. ಸಾಲಿನ ತುದಿಯವರಿಗೆ ಅದು ಕೇಳಿಸಿತೋ ಇಲ್ಲವೋ.

"ನಿನ್ನೆ ಇದಕ್ಕಿಂತ ಜೋರಾಗಿತ್ತು," ಎಂದಳು ಬೊಗ್ನಾ.

ರೋಸ್ವಿಟಾ ಉಸಿರು ತುಂಬಿಕೊಂಡು, ಈಜುಕೊಳದ ದಡದಲ್ಲಿ ನಿಂತು ಕೂಗುತ್ತಿದ್ದ ಗಂಟಲಿನಲ್ಲಿ ಕೂಗಿದಳು. "ನಿನ್ನೆ ಇಲ್ಲಿ ನಾನು ಈ ಹೆಂಗಸನ್ನ ಕಳ್ಳಿ ಅಂದೆ! ಸೈಕಲ್ ಕದ್ದಳು ಅಂದೆ! ಅದು ಸುಳ್ಳು!" ಪೋಲಿಷ್ ವಾಕ್ಯವನ್ನೂ ಕೂಗಿದಳು. ಜನ ತಿರುಗಿದರು. ಮೂಗಿಗೆ ಕೆನೆ ಮೆತ್ತಿಕೊಂಡಿದ್ದ ಹೆಂಗಸೊಬ್ಬಳು ಗಂಡನನ್ನು ಮೊಣಕೈಯಲ್ಲಿ ತಿವಿದಳು. ನಿನ್ನೆ ನಕ್ಕವನ ಮುಖವನ್ನು ರೋಸ್ವಿಟಾ ಸಾಲಿನುದ್ದಕ್ಕೂ ಹುಡುಕಿದಳು. ಅವನಿರಲಿಲ್ಲ. ನಿನ್ನೆಯ ಮುಖ ಒಂದೂ ಇರಲಿಲ್ಲ. ಅವರೆಲ್ಲ ತಾವು ಕೇಳಿದ್ದನ್ನು ಹೊತ್ತುಕೊಂಡು ಬೆಳಗಿನ ರೈಲಿಗೆ ತಮ್ಮ ತಮ್ಮ ಊರಿಗೆ ಹೋಗಿದ್ದರು.

ಜನ ಮತ್ತೆ ಕಿಟಕಿಯ ಕಡೆಗೆ ತಿರುಗಿಕೊಂಡರು.

ಗಡಿಯ ಕಡೆಯಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಜರ್ಮನ್ ದಂಪತಿ ಅಲ್ಲೇ ಕಾಲೂರಿ ನಿಂತಿದ್ದರು. ಗಂಡಸು ಇಳಿದು ರೋಸ್ವಿಟಾಳ ಹತ್ತಿರ ಬಂದ. ಬಿಳಿ ಗಡ್ಡದ, ಒಳ್ಳೆಯ ಮುಖದ ಮನುಷ್ಯ.

"ಏನಾಯ್ತಮ್ಮ? ನಿಮ್ಮ ಸೈಕಲ್ ಎಗರಿಸಿಬಿಟ್ರಾ ಇವರು?"

"ಇಲ್ಲ. ಇವರು ಏನೂ ಮಾಡಿಲ್ಲ. ಮಾಡಿದ್ದು ನಾನು."

ಗಾಬರಿಯಲ್ಲಿ ಇದ್ದವರನ್ನು ಸಂತೈಸುವವನಂತೆ ಅವನು ತಲೆಯಾಡಿಸಿದ. "ಆಗುತ್ತೆ, ಆಗುತ್ತೆ. ಸಮಾಧಾನ ಮಾಡ್ಕೊಳ್ಳಿ. ಪೊಲೀಸರಿಗೆ ತಿಳಿಸಿದ್ರಾ?" ಹಾಗೆನ್ನುತ್ತಲೇ, ಅವಳ ಮುಖದಿಂದ ಕಣ್ಣು ತೆಗೆಯದೆ, ಒಂದು ಕೈಯಲ್ಲಿ ತನ್ನ ಸೈಕಲ್ಲನ್ನು ಹತ್ತಿರಕ್ಕೆ ಎಳೆದುಕೊಂಡ.

ಬೊಗ್ನಾ ಆ ಕೈಯನ್ನೇ ನೋಡುತ್ತಿದ್ದಳು.

ರೋಸ್ವಿಟಾ ಮತ್ತೆ ಮೊದಲಿನಿಂದ ಶುರುಮಾಡಿದಳು. ಈ ಸಲ ಗಂಟಲು ಒಡೆದು ಸ್ವರ ಸೀಳಿಹೋಯಿತು. ಅವಳು ನಿಲ್ಲಿಸಲಿಲ್ಲ. ಒಳಗೆ ಕಾಜಿಕ್ ಅಚ್ಚಿನ ಮುಚ್ಚಳ ತೆರೆದ; ಬಿಸಿ ಹಿಟ್ಟಿನ ವಾಸನೆ ಹೊರಬಂತು. ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು.