ಚುಕ್ಕಿ ಇಟ್ಟ ಲಕೋಟೆ

ನನ್ನ ಬಾಯಿ ದೊಡ್ಡದು. ಬೇರೆಯವರು ಹೇಳುವ ಮೊದಲೇ ನಾನೇ ಹೇಳಿಬಿಡುತ್ತೇನೆ. ಮೂರು ದರ್ಜಿ ಅಂಗಡಿಗಳ ಅಂಗಿಗಳಿಗೆ ಮನೆಯಲ್ಲೇ ಕೂತು ಗುಂಡಿಯ ಕಾಜಾ ಹಾಕಿಕೊಡುವುದು ನನ್ನ ಕೆಲಸ, ಹಾಗಾಗಿ ಬೀದಿಯವರಿಗೆಲ್ಲ ನಾನು ಕಾಜಾ ಅಕ್ಕ. ಕೈ ಸೂಜಿಯ ಮೇಲಿದ್ದರೂ ಬಾಯಿಗೆ ಬಿಡುವಿಲ್ಲ. ಆ ಬಾಯಿಯಿಂದಲೇ ಇವತ್ತು ಹೀಗಾಗಿದೆ.

ನನ್ನ ತಮ್ಮ ಜೈಲಿನಲ್ಲಿದ್ದಾನೆ. ಗೋದಾಮಿನ ಕಾವಲಿಗಿದ್ದವನು ಒಂದು ಮಧ್ಯಾಹ್ನ ನಿದ್ದೆಹೋದ, ಒಳಗೆ ಬೆಂಕಿ ಬಿತ್ತು, ಒಬ್ಬ ಹಮಾಲಿ ಸತ್ತ. ಎಂಟು ವರ್ಷ ಶಿಕ್ಷೆ. ಅರ್ಧ ಮುಗಿದ ಮೇಲೆ ಒಂದು ಸಮಿತಿ ಕೂತು, ನಡತೆ ಚೆನ್ನಾಗಿರುವವರನ್ನು ಬಿಡುತ್ತದೆ. ಆದರೆ ‘ಇವನನ್ನು ನಮ್ಮ ಮನೆಯಲ್ಲಿ ಇಟ್ಟುಕೊಳ್ಳುತ್ತೇವೆ’ ಎಂದು ಮನೆಯವರು ಫಾರಂಗೆ ಸಹಿ ಹಾಕಿ ಕಳಿಸಬೇಕು. ಆ ಫಾರಂ ಜೈಲಿನ ಕಚೇರಿಯಿಂದಲೇ ಸರ್ಕಾರಿ ಕವರಿನಲ್ಲಿ ಬರುತ್ತದೆ ಎಂದು ಹೋದ ಸಲ ಭೇಟಿಗೆ ಹೋದಾಗ ಅಲ್ಲಿಯವರು ಹೇಳಿದ್ದರು. ನಾನು ಅಂಗಿಗಳ ಗಂಟುಗಳನ್ನೆಲ್ಲ ಅಡುಗೆಮನೆಗೆ ಸಾಗಿಸಿ, ಮುಂದಿನ ಕೋಣೆ ಖಾಲಿ ಮಾಡಿ, ಮಂಚ ಹಾಕಿ, ಫಾರಂಗೆ ಕಾಯುತ್ತಿದ್ದೆ.

ಇನ್ನು ಚುಕ್ಕಿಯ ವಿಷಯ. ನಮ್ಮಪ್ಪ ಸೇತುವೆ ಕಟ್ಟುವ ಕೆಲಸದವನು, ವರ್ಷದಲ್ಲಿ ಹತ್ತು ತಿಂಗಳು ದೂರದೂರಲ್ಲೇ ಇರುತ್ತಿದ್ದ. ಸ್ಟಾಂಪಿಗೆ ದುಡ್ಡು ಹಾಕುವುದೆಂದರೆ ಅವನಿಗೆ ಹೊಟ್ಟೆ ಉರಿಯುತ್ತಿತ್ತು. ಅದಕ್ಕೇ ಸ್ಟಾಂಪಿಲ್ಲದ ಖಾಲಿ ಕವರು ಕಳಿಸುತ್ತಿದ್ದ. ಅಂಥದ್ದನ್ನು ಪಡೆಯುವವರು ದಂಡ ಕಟ್ಟಿ ಬಿಡಿಸಿಕೊಳ್ಳಬೇಕು. ಕವರಿನ ಮೂಲೆಯಲ್ಲಿ ಒಂದು ಚುಕ್ಕಿ ಇದ್ದರೆ ‘ನಾನು ಚೆನ್ನಾಗಿದ್ದೇನೆ, ಬಿಡಿಸಿಕೊಳ್ಳಬೇಡ’ ಎಂದರ್ಥ. ಅಮ್ಮ ಬಾಗಿಲಲ್ಲೇ ಚುಕ್ಕಿ ನೋಡಿ, ನಕ್ಕು, ‘ಬೇಡಪ್ಪಾ, ವಾಪಸ್ ತಗೊಂಡ್ಹೋಗು’ ಎನ್ನುತ್ತಿದ್ದಳು. ಚುಕ್ಕಿ ಇಲ್ಲದಿದ್ದರೆ ಮಾತ್ರ ಒಳಗೆ ಕಾಗದ ಇದೆಯೆಂದರ್ಥ, ದಂಡ ಕಟ್ಟಿ ಒಡೆದು ಓದಬೇಕು. ಜೈಲಿನಿಂದ ತಮ್ಮ ಮಾಡುತ್ತಿದ್ದುದೂ ಅದನ್ನೇ. ತಿಂಗಳಿಗೊಂದು ಖಾಲಿ ಕವರು, ಮೂಲೆಯಲ್ಲೊಂದು ಚುಕ್ಕಿ. ನೋಡಿದೊಡನೆ ನನಗೆ ಜೀವ ಬಂದಂತಾಗುತ್ತಿತ್ತು.

ಹೀಗಿರುವಾಗ ಅಂಚೆ ದರ ಏರಿತು. ಒಂದೇ ವರ್ಷದಲ್ಲಿ ಮೂರನೇ ಸಲ. ಅಷ್ಟಾದರೂ ಪತ್ರ ಬೇಗ ಬಂತೇ? ಎಲ್ಲಿ! ದಿನಾ ಬರುತ್ತಿದ್ದ ಪೋಸ್ಟ್‌ಮ್ಯಾನ್ ಸೋಮವಾರ ಮಾತ್ರ ಬರತೊಡಗಿದ. ಪೋಸ್ಟಾಫೀಸು ಸೋಮವಾರ, ಗುರುವಾರ ಅಷ್ಟೇ ಬಾಗಿಲು ತೆಗೆಯುತ್ತಿತ್ತು. ಔಷಧಿ ಅಂಗಡಿಯವರ ಬಿಲ್ಲುಗಳು ತಿಂಗಳಾದರೂ ತಲುಪಲಿಲ್ಲ. ನಿವೃತ್ತ ಮೇಷ್ಟ್ರ ಪಿಂಚಣಿ ಕಾಗದ ಎಲ್ಲಿ ಬಿತ್ತೋ ದೇವರಿಗೇ ಗೊತ್ತು. ಬೀದಿಗೆ ಬೀದಿಯೇ ಪೋಸ್ಟಾಫೀಸಿನ ಮುಂದೆ ಸೇರಿತು. ಮೇಷ್ಟ್ರು ಮನವಿ ಪತ್ರ ಓದಿದರು, ಯಾರೂ ಕೇಳಿಸಿಕೊಳ್ಳಲಿಲ್ಲ. ಆಗ ನಾನು ಮೆಟ್ಟಿಲು ಹತ್ತಿದೆ.

“ಮನವಿ ಗಿನವಿ ಬಿಡಿ ಮೇಷ್ಟ್ರೇ,” ಅಂದೆ. “ನಮ್ಮಪ್ಪ ಒಂದು ವಿದ್ಯೆ ಕಲಿಸಿದಾನೆ. ಎಲ್ಲರೂ ಸ್ಟಾಂಪ್ ಇಲ್ದೇನೇ ಕವರ್ ಹಾಕಿ. ಬಂದಿದ್ದನ್ನ ಬಾಗಿಲಲ್ಲೇ ನೋಡಿ ವಾಪಸ್ ಕಳಿಸಿ. ಹೊತ್ತೂ ಹೊತ್ತೂ ಸುಸ್ತಾಗ್ಲಿ ಇವರು! ನಾನಂತೂ ಇನ್ನು ಇವರಿಗೆ ಒಂದು ಕಾಸೂ ಬಿಚ್ಚಲ್ಲ. ಬಿಚ್ಚಿದ್ರೆ ನನ್ನ ಮುಖಕ್ಕೆ ಉಗೀರಿ!”

ಆಹಾ, ಏನು ಚಪ್ಪಾಳೆ! ಔಷಧಿ ಅಂಗಡಿಯವರು ಸಿಳ್ಳೆ ಹೊಡೆದರು. ಚುಕ್ಕಿ, ಗೀಟು, ಸೊನ್ನೆ ಎಂದು ಮನೆಮನೆಗೂ ಒಂದೊಂದು ಗುರುತು ಹುಟ್ಟಿಕೊಂಡಿತು. ಎರಡೇ ವಾರದಲ್ಲಿ ಸ್ಟಾಂಪಿಲ್ಲದ ಕವರುಗಳಿಂದ ಚೀಲಗಳು ಬಿರಿಯುತ್ತಿದ್ದವು. ನಾನು ಬೀದಿಯಲ್ಲಿ ತಲೆ ಎತ್ತಿ ಓಡಾಡಿದೆ.

ಮೂರನೇ ವಾರ ಹೊಸ ನಿಯಮ ಬಂತು. ದಂಡದ ಕವರನ್ನು ಇನ್ನು ಮನೆಗೆ ತಂದು ತೋರಿಸುವುದಿಲ್ಲ. ಒಂದು ಚೀಟಿ ಮಾತ್ರ ಬರುತ್ತದೆ. ಏಳು ದಿನದೊಳಗೆ ಕೌಂಟರಿನಲ್ಲಿ ದುಡ್ಡು ಕಟ್ಟಿ ಬಿಡಿಸಿಕೊಳ್ಳಬೇಕು, ಇಲ್ಲದಿದ್ದರೆ ಕವರು ವಾಪಸ್.

ಮೊದಲ ಚೀಟಿ ಬಂದದ್ದು ನನಗೇ. ಜೈಲಿನ ಊರಿನಿಂದ, ಸ್ಟಾಂಪಿಲ್ಲದ ಒಂದು ಕವರು. ತಮ್ಮನದು, ತಿಂಗಳ ಚುಕ್ಕಿ ಎಂದುಕೊಂಡೆ. ಫಾರಂ ಆಗಿದ್ದರೆ ಸರ್ಕಾರಿ ಕವರಿನಲ್ಲಿ ಬರುತ್ತಿತ್ತಲ್ಲ! ಆದರೂ ಸಮಾಧಾನವಿಲ್ಲ. ಗುರುವಾರ ಸೂಜಿ ಬಿಟ್ಟು ಕೌಂಟರಿಗೆ ಹೋದೆ. ಅಲ್ಲಿ ಸಾಲು. ನನ್ನ ಬೆನ್ನಿಗೇ ಮೇಷ್ಟ್ರು, ಅವರ ಹಿಂದೆ ಔಷಧಿ ಅಂಗಡಿಯವರು.

ಕಿಟಕಿಯೊಳಗಿನ ಹುಡುಗಿಗೆ ಮೆಲ್ಲಗೆ ಹೇಳಿದೆ. “ನೋಡಮ್ಮ, ಬಿಡಿಸ್ಕೊಳ್ಳೋದು ಬೇಡ. ಕವರಿನ ಮೂಲೆ ಒಂದ್ಸಲ ತೋರ್ಸು, ಸಾಕು.”

“ತೋರ್ಸೋ ಹಾಗಿಲ್ಲ ಅಕ್ಕಾ. ಈ ನಿಯಮ ಬಂದಿದ್ದೇ ನಿಮ್ಮಿಂದ,” ಎಂದು ಆಕೆ ನಕ್ಕಳು. “ದುಡ್ಡು ಕಟ್ತೀರಾ?”

“ಕಾಜಾ ಅಕ್ಕ ದುಡ್ಡು ಕಟ್ತಾರಂತೆ, ನೋಡ್ರಪ್ಪೋ!” ಎಂದು ಔಷಧಿ ಅಂಗಡಿಯವರು ಹಿಂದಿನಿಂದ ಕೂಗಿದರು. ತಮಾಷೆಗೇ ಕೂಗಿದ್ದು, ಪಾಪ, ಕೆಟ್ಟವರಲ್ಲ. ಸಾಲಿಗೆ ಸಾಲೇ ನಕ್ಕಿತು. ನನ್ನ ಕೈ ಸೊಂಟದ ಚೀಲದ ಮೇಲಿತ್ತು. ದುಡ್ಡು ಇತ್ತು. ಎರಡು ಅಂಗಿಯ ಕಾಜಾದ ಕೂಲಿಯಷ್ಟೂ ಅಲ್ಲ ಆ ದಂಡ.

“ಯಾರು ಕಟ್ಟೋದು? ನಾನಾ? ಸತ್ರೂ ಇಲ್ಲ!” ಎಂದೆ. ಚಪ್ಪಾಳೆ ಬಿತ್ತು. ಮನೆಗೆ ಬಂದು ಮೂರು ಅಂಗಿಗಳಿಗೆ ತಪ್ಪು ಜಾಗದಲ್ಲಿ ಕಾಜಾ ಕತ್ತರಿಸಿದೆ.

ಏಳನೇ ದಿನ ಭಾನುವಾರ. ಸೋಮವಾರ ಬೆಳಿಗ್ಗೆ ಪೋಸ್ಟ್‌ಮ್ಯಾನ್ ಬಾಗಿಲಿಗೆ ಬಂದ. ಇಪ್ಪತ್ತು ವರ್ಷದಿಂದ ನಮ್ಮ ಬೀದಿಯವನು, ಚುಕ್ಕಿಯ ಗುಟ್ಟು ಅವನಿಗೂ ಗೊತ್ತು. ಬ್ಯಾಗು ಇಳಿಸದೆ ನಿಂತೇ ಇದ್ದ.

“ಅಕ್ಕಾ, ತಮ್ಮನ ಕವರು ಯಾಕೆ ಬಿಟ್ರಿ? ಈಗ ವಾಪಸ್ ಚೀಲಕ್ಕೆ ಹಾಕೋವಾಗ ನೋಡ್ದೆ. ಚುಕ್ಕಿ ಇರ್ಲಿಲ್ಲ. ದಪ್ಪಗಿತ್ತು, ಒಳಗೆ ಎರಡು ಮೂರು ಹಾಳೆ ಇರ್ಬೇಕು.”

ಬರಿಗಾಲಲ್ಲೇ ಓಡಿದೆ. ಪೋಸ್ಟಾಫೀಸಿನ ಬಾಗಿಲಲ್ಲಿ ಚೀಲದ ವ್ಯಾನು ಇರಲಿಲ್ಲ. ಹೋಗಿ ಕಾಲು ಗಂಟೆಯಾಯಿತು ಎಂದರು. ಕಿಟಕಿಯ ಮೇಲೆ ದುಡ್ಡು ಸುರಿದೆ, ಎಷ್ಟು ಬೇಕೋ ತಗೋ ತಾಯಿ, ಫೋನು ಮಾಡು, ವ್ಯಾನು ನಿಲ್ಲಿಸು ಎಂದು ಅತ್ತೆ. ಆಕೆಯ ಕಣ್ಣಲ್ಲೂ ನೀರು ಬಂತು. ಆದರೆ ಪುಸ್ತಕದಲ್ಲಿ ಬರೆದಾಗಿತ್ತು, ಕವರಿನ ಮೇಲೆ ಮುದ್ರೆ ಒತ್ತಿಯಾಗಿತ್ತು. ‘ಪಡೆಯುವವರು ಬೇಡವೆಂದಿದ್ದಾರೆ.’ ಏಳು ದಿನ ಬಿಟ್ಟ ಕವರಿಗೆಲ್ಲ ಅದೊಂದೇ ಮುದ್ರೆಯಂತೆ.

ಔಷಧಿ ಅಂಗಡಿಯಿಂದಲೇ ಜೈಲಿಗೆ ಫೋನು ಮಾಡಿದೆ. ಅಂಗಡಿಯವರು ಗಿರಾಕಿಗಳನ್ನೆಲ್ಲ ಹೊರಗೆ ಕಳಿಸಿ, ತಲೆ ತಗ್ಗಿಸಿ ನಿಂತಿದ್ದರು. ಆ ಕಡೆಯ ಗುಮಾಸ್ತ ಆಕಳಿಸುತ್ತಾ ಹೇಳಿದ. “ಫಾರಂ ಈಗ ನಾವು ಕಳಿಸೋದಿಲ್ಲಮ್ಮ. ಅಂಚೆ ಖರ್ಚು ಜಾಸ್ತಿ ಆಯ್ತಲ್ಲ, ಖೈದಿಗಳ ಕೈಗೇ ಕೊಟ್ಬಿಡ್ತೀವಿ. ಅವರೇ ಕಳಿಸ್ಕೋಬೇಕು. ಸಮಿತಿ ಬರೋ ತಿಂಗಳ ಒಂದನೇ ತಾರೀಕು.”

“ನಾನು ಅವನ ಅಕ್ಕ ಸ್ವಾಮೀ! ಇಟ್ಕೋತೀನಿ ಅಂತ ಈಗ್ಲೇ ಹೇಳ್ತಿದೀನಲ್ಲ, ಬರ್ಕೊಳ್ಳಿ. ಇಲ್ಲಾಂದ್ರೆ ಇವತ್ತೇ ಹೊರಟು ಬರ್ತೀನಿ.”

“ಬಾಯಿಮಾತು ನಡೆಯಲ್ಲ. ಖೈದಿಗಳಿಗೆ ಫೋನಲ್ಲಿ ಬಂದ ಸುದ್ದಿ ಮುಟ್ಟಿಸೋ ಹಾಗೂ ಇಲ್ಲ. ಪರ್ಮಿಟ್ ಇಲ್ದೆ ಬಂದ್ರೆ ಗೇಟಲ್ಲೇ ನಿಲ್ಲಿಸ್ತಾರೆ. ಪರ್ಮಿಟ್ಟಿಗೂ ಬರ್ದೇ ಹಾಕ್ಬೇಕು. ಎಲ್ಲ ಪೋಸ್ಟಲ್ಲೇ ಅಮ್ಮ.”

ಒಂದನೇ ತಾರೀಕಿಗೆ ಹನ್ನೆರಡು ದಿನ ಇತ್ತು. ಮೇಷ್ಟ್ರು ಬರೆದುಕೊಟ್ಟರು, ನಾನು ಸಹಿ ಹಾಕಿದೆ. ಫಾರಂ ಬೇಕಾದರೆ ಆಮೇಲೆ ತುಂಬುತ್ತೇನೆ, ಮನೆ ಇದೆ, ಮಂಚ ಹಾಕಿದ್ದೇನೆ, ಅವನನ್ನು ಕೊಡಿ ಎಂದು ಒಂದು ಕಾಗದ ಜೈಲಿಗೆ, ಒಂದು ತಮ್ಮನಿಗೆ. ಸ್ಟಾಂಪಿನ ಮೇಲೆ ಸ್ಟಾಂಪು ಹಚ್ಚಿ, ಎರಡು ಬಸ್ಸು ಬದಲಿಸಿ, ದೊಡ್ಡ ಪೋಸ್ಟಾಫೀಸಿಗೇ ಹೋಗಿ ಕೊಟ್ಟೆ. ಎಷ್ಟು ದಿನಕ್ಕೆ ತಲುಪುತ್ತದೆ ಎಂದು ಕೇಳಿದರೆ ಅಲ್ಲಿದ್ದವನು ಭುಜ ಕುಣಿಸಿದ. “ಮೊದಲಾದ್ರೆ ಮೂರು ದಿನ ಅಂತಿದ್ದೆ,” ಎಂದ.

ಒಂದನೇ ತಾರೀಕು ದಾಟಿತು. ಒಂದು ಸೋಮವಾರ ಬರಿದೇ ಹೋಯಿತು. ಎರಡನೇ ಸೋಮವಾರ ಪೋಸ್ಟ್‌ಮ್ಯಾನ್ ಬೀದಿಯ ತುದಿಯಿಂದಲೇ ಕವರು ಎತ್ತಿ ತೋರಿಸುತ್ತಾ ಬಂದ. “ದಂಡ ಇಲ್ಲ ಅಕ್ಕಾ! ಪೂರ್ತಿ ಸ್ಟಾಂಪ್ ಹಚ್ಚಿದಾನೆ!”

ಮೂಲೆ ನೋಡಿದೆ. ಚುಕ್ಕಿ ಇತ್ತು, ಒತ್ತಿ ಒತ್ತಿ ಇಟ್ಟದ್ದು. ಅಬ್ಬಾ, ಚೆನ್ನಾಗಿದ್ದಾನೆ, ನನ್ನ ಕಾಗದ ತಲುಪಿದೆ ಎಂದು ಬಾಗಿಲಲ್ಲೇ ಕೂತು ಒಡೆದೆ. ತಾರೀಕು ನೋಡಿದರೆ ಸಮಿತಿ ಕೂತ ದಿನದ್ದು.

‘ಅಕ್ಕಾ, ನನ್ನ ಕವರು ವಾಪಸ್ ಬಂತು. ಚುಕ್ಕಿ ಇಟ್ಟಿರಲಿಲ್ಲ, ಆದರೂ ಬೇಡ ಅಂದಿದೀಯ ಅಂದ್ರೆ ಯೋಚನೆ ಮಾಡೇ ಅಂದಿರ್ತೀಯ. ನನಗೆ ಕೋಪ ಇಲ್ಲ. ನಿನ್ನದೂ ಚಿಕ್ಕ ಮನೆ. ಜನ ಏನಂತಾರೋ ಅನ್ನೋ ಭಯ ಯಾರಿಗಿಲ್ಲ? ಇವತ್ತು ಸಮಿತಿಯವರು ಕೇಳಿದ್ರು, ಹೊರಗೆ ಯಾರಿದಾರೆ ಅಂತ. ಯಾರೂ ಇಲ್ಲ ಅಂತ ಬರೆಸಿದೆ. ಇನ್ನು ನಾಲ್ಕು ವರ್ಷ ತಾನೆ, ಕಳೆದುಹೋಗುತ್ತೆ. ದೂರದ ಇನ್ನೊಂದು ಜೈಲಿಗೆ ಹಾಕ್ತಾರಂತೆ, ಯಾವ ಊರು ಅಂತ ಹೇಳಿಲ್ಲ. ಇದಕ್ಕೆ ಹೊದಿಕೆ ಕೊಟ್ಟು ಸ್ಟಾಂಪು ತಗೊಂಡೆ, ನಿನಗೆ ಖರ್ಚಾಗಬಾರದು ಅಂತ. ಇನ್ನು ಬರೆದು ನಿನಗೆ ತೊಂದರೆ ಕೊಡಲ್ಲ. ನಾನು ಚೆನ್ನಾಗಿದೀನಿ.’

“ಅಯ್ಯೋ, ನಾನು ಬೇಡ ಅಂದಿದ್ದು ಪೋಸ್ಟಾಫೀಸಿಗೆ ಕಣೋ! ನಿನಗಲ್ಲ ಕಣೋ!” ಎಂದು ಬೀದಿಯೇ ಕೇಳುವಂತೆ ಕಿರುಚಿದೆ. ಜನ ಬಾಗಿಲುಗಳಿಗೆ ಬಂದರು. ಪೋಸ್ಟ್‌ಮ್ಯಾನ್ ನನ್ನ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತು, ಬ್ಯಾಗಿನಿಂದ ಇನ್ನೂ ಎರಡು ಕವರು ತೆಗೆದು ನನ್ನ ಮಡಿಲಲ್ಲಿಟ್ಟ. ಎರಡೂ ನಾನೇ ಕಳಿಸಿದವು. ಒಂದು ಜೈಲಿನ ಕಚೇರಿಯಿಂದ ವಾಪಸ್ ಬಂದದ್ದು, ತಡವಾಗಿ ತಲುಪಿತೆಂಬ ಮುದ್ರೆಯೊಂದಿಗೆ. ಇನ್ನೊಂದು ತಮ್ಮನಿಗೆ ಹಾಕಿದ್ದು. ಅದನ್ನು ಯಾರೂ ಒಡೆದಿರಲಿಲ್ಲ. ‘ಈ ವಿಳಾಸದಲ್ಲಿ ಇಲ್ಲ’ ಎಂದು ಅದರ ಮೇಲೆ ಬರೆದಿತ್ತು.